ಉರುಳಿದ ಮರ ಕಸವೇ?

ಬಿರುಗಾಳಿಗೆ ಉರುಳಿದ ಮರಗಳು ಅಭಯಾರಣ್ಯದಲ್ಲಿ ಸುಮ್ಮನೆ ಕೊಳೆಯುತ್ತಿವೆ, ದೇಶದ ಸಂಪತ್ತು ಗೆದ್ದಲಿನ ಪಾಲಾಗುತ್ತಿದೆ ಎಂಬ ಅಳಲು ನಮ್ಮ ಮಲೆನಾಡಿನ ಬಂಧುಗಳ ಮನೆಗಳಲ್ಲಿ ಪ್ರತಿ ಮಳೆಗಾಲದ ತರುವಾಯ ಕೇಳಿಬರುತ್ತದೆ. ಅವರ ಕೋಪವೆಲ್ಲ ಸರ್ವೋಚ್ಚ ನ್ಯಾಯಾಲಯದ ಮೇಲೆ. ಗೋದಾವರ್ಮನ್ ಪ್ರಕರಣದಲ್ಲಿ 2000ದ ಫೆಬ್ರವರಿ 14ರಂದು ಆ ನ್ಯಾಯಾಲಯವು ರಾಷ್ಟ್ರೀಯ ಉದ್ಯಾನ ಹಾಗೂ ಅಭಯಾರಣ್ಯಗಳಿಂದ ಸತ್ತ, ಸಾಯುತ್ತಿರುವ, ಗಾಳಿಗೆ ಬಿದ್ದ ಮರಗಳನ್ನೂ ತೆಗೆಯಕೂಡದೆಂದು ಆಜ್ಞಾಪಿಸಿತು. ಇದನ್ನು ಹುಚ್ಚಾಟವೆನ್ನುವವರ ಮಾತನ್ನು ನಾನು ಒಪ್ಪಲಾರೆ.

ಈ ವಾದ ನಮ್ಮಲ್ಲಿ ಮಾತ್ರ ಹುಟ್ಟಿದ್ದಲ್ಲ. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಈಗ ನೆಲೆಸಿರುವ ಅಮೆರಿಕದ ನ್ಯೂ ಇಂಗ್ಲೆಂಡ್ ಸೀಮೆ ಇದನ್ನು ಎಂದೋ ಕಂಡಿದೆ. 1938ರ ಸೆಪ್ಟೆಂಬರ್ 21ರಂದು ಅಲ್ಲಿಗೆ ಅಪ್ಪಳಿಸಿದ ಚಂಡಮಾರುತ ವಿಸ್ತಾರವಾದ ಕಾಡುಗಳನ್ನು ನೆಲಸಮ ಮಾಡಿತು. ಕಾಡುಗಿಚ್ಚಿನ ಭಯದಿಂದಲೂ ಮರದ ಬೆಲೆಯ ಮೇಲಿನ ಆಸೆಯಿಂದಲೂ ಸರ್ಕಾರವು ದಿಮ್ಮಿಗಳನ್ನು ಎಳೆಸಿ, ಕೊಳೆಯದಿರಲೆಂದು ಕೆರೆಗಳಲ್ಲಿ ತೇಲಿಬಿಟ್ಟಿತು. ಆದರೆ ನ್ಯೂ ಹ್ಯಾಂಪ್‌ಷೈರಿನ ಪಿಸ್ಗಾ ಎಂಬಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ವಶದಲ್ಲಿದ್ದ ಒಂದು ಪುರಾತನ ಕಾಡು ಬಿದ್ದಂತೆಯೇ ಉಳಿಯಿತು. ಯಾರೂ ಗಿಡ ನೆಡದೆಯೂ ಅಲ್ಲಿ ಮತ್ತೆ ಕಾಡು ಎದ್ದಿತು. ಹಳೆಯ ಪೈನ್ ಕಾಂಡಗಳು ದಶಕಗಳ ನಂತರವೂ ಅದರೊಳಗೆ ಮಲಗಿದ್ದವು.

ಇದು ಕಾಕತಾಳೀಯವೆನ್ನುವವರಿಗೆ ಇನ್ನೊಂದು ಸಂಗತಿ. 1990ರ ಅಕ್ಟೋಬರಿನಲ್ಲಿ ಹಾರ್ವರ್ಡ್ ಅರಣ್ಯದ ವಿಜ್ಞಾನಿಗಳು ಬಿರುಗಾಳಿಯ ಅನುಕರಣೆಯಾಗಿ ಕಾಡಿನ ಒಂದು ತುಂಡಿನ ದೊಡ್ಡ ಮರಗಳನ್ನು ಹಗ್ಗ ಕಟ್ಟಿ ಯಂತ್ರದಿಂದ ಎಳೆದು ಕೆಡವಿದರು. ಮರುವರ್ಷ ನೆಲಕಚ್ಚಿದ ಮರಗಳಲ್ಲಿ ಬಹುಪಾಲು ಮಲಗಿದ್ದಲ್ಲಿಯೇ ಚಿಗುರಿದವು! ಮಣ್ಣಿನ ಸಾರಜನಕದ ಚಕ್ರದಲ್ಲಿ ಹೇಳಿಕೊಳ್ಳುವಂಥ ಏರುಪೇರು ಕಾಣಲಿಲ್ಲ. ಇಂಥ ಕಾಡಿಗೆ ಲಾರಿ, ಸರಪಳಿ, ಗರಗಸಗಳನ್ನು ನುಗ್ಗಿಸಿ ಮಣ್ಣನ್ನು ತುಳಿದರೆ ಹಾನಿ ಮಾಡಿದವರು ಯಾರು, ಗಾಳಿಯೋ ನಾವೋ?

ಹಿಮಬಿರುಗಾಳಿಯ ವಿಚಾರ ಇನ್ನೂ ಸ್ವಾರಸ್ಯಕರ. ಇದು ಹಿಮಪಾತವಲ್ಲ. ಮೇಲಿನ ಬೆಚ್ಚಗಿನ ಗಾಳಿಯಿಂದ ಬಿದ್ದ ಮಳೆಹನಿ ನೆಲದ ಬಳಿಯ ಕೊರೆಯುವ ಗಾಳಿಯನ್ನು ಹಾದು, ಕೊಂಬೆಯನ್ನು ತಾಕಿದೊಡನೆ ಗಾಜಿನಂತೆ ಹೆಪ್ಪುಗಟ್ಟುತ್ತದೆ. 1998ರ ಜನವರಿಯಲ್ಲಿ ಕೆನಡಾದ ಕ್ವಿಬೆಕ್ಕಿನಿಂದ ಅಮೆರಿಕದ ಮೇನ್ ರಾಜ್ಯದವರೆಗೆ ದಿನಗಟ್ಟಲೆ ಹೀಗೆ ಸುರಿದಾಗ ಮರಗಳ ನೆತ್ತಿಗಳೇ ಮುರಿದವು. ಬರ್ಚ್ ಮರಗಳು ಬಿಲ್ಲಿನಂತೆ ಬಾಗಿದವು. ಗೋಪುರದಾಕಾರದ ಸ್ಪ್ರೂಸ್ ಮರಗಳು ಹೆಚ್ಚು ತಾಳಿಕೊಂಡವು. ಮೇಪಲ್ ಪಾನಕದ ರೈತರು ಕಂಗಾಲಾದದ್ದು ನಿಜ, ಅವರ ನಷ್ಟವನ್ನು ಹಗುರಾಗಿ ಕಾಣಲಾಗದು. ಆದರೆ ಕಾಡಿಗೆ ಆದದ್ದೇನು? ಮುರಿದ ನೆತ್ತಿಯ ಸಂದಿನಿಂದ ಬಿಸಿಲು ನೆಲಕ್ಕಿಳಿದು, ವರ್ಷಗಟ್ಟಲೆ ನೆರಳಿನಲ್ಲಿ ಕುಗ್ಗಿ ಕಾದಿದ್ದ ಎಳೆಯ ಸಸಿಗಳು ಮೇಲೆದ್ದವು. ಹಬಾರ್ಡ್ ಬ್ರೂಕ್ ಎಂಬ ಸಂಶೋಧನಾ ಅರಣ್ಯದಲ್ಲಿ ವಿಜ್ಞಾನಿಗಳು 2016ರ ಚಳಿಗಾಲದ ರಾತ್ರಿಗಳಲ್ಲಿ ತೊರೆಯ ನೀರನ್ನು ಮರಗಳ ಮೇಲೆ ಚಿಮ್ಮಿಸಿ ಕೃತಕ ಹಿಮಬಿರುಗಾಳಿಯನ್ನೇ ಸೃಷ್ಟಿಸಿ ಇದನ್ನೆಲ್ಲ ಅಳೆಯತೊಡಗಿದರು. (ನಮ್ಮ ಪ್ರಯೋಗಾಲಯದಲ್ಲಿ ನೆಟ್ಟಗಿನ ಬುನ್ಸೆನ್ ದೀಪವೂ ಇರಲಿಲ್ಲವೆಂಬುದು ನಿಮಗೆ ನೆನಪಿರಬಹುದು!)

ಕೊಂಬೆ ಮುರಿದ ಗಾಯಕ್ಕೆ ಶಿಲೀಂಧ್ರ ಹತ್ತಿ, ಕಾಲಾಂತರದಲ್ಲಿ ಅದು ಪೊಟರೆಯಾಗುತ್ತದೆ. ದಾಂಡೇಲಿಯ ಮಂಗಟ್ಟೆ ಹಕ್ಕಿ ಮೊಟ್ಟೆಯಿಡುವುದು ಅಂಥ ಪೊಟರೆಯಲ್ಲಿಯೇ. ತಾನಾಗಿ ಮರ ಕೊರೆಯಲಾರದ ಆ ಹಕ್ಕಿಗೆ ಸೊಟ್ಟ, ಟೊಳ್ಳು ಮರವೇ ಮನೆ. 'ಕೆಟ್ಟ ಮರ ತೆಗೆದು ಕಾಡನ್ನು ಸ್ವಚ್ಛಗೊಳಿಸಿ' ಎನ್ನುವ ಮಹನೀಯರು ಆ ಹಕ್ಕಿಗೆ ಬದಲಿ ವಸತಿ ಎಲ್ಲಿ ಕೊಡುತ್ತಾರೆ?

ಬಿದ್ದ ಮರ ಬೆಂಕಿಗೆ ಆಹುತಿಯಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಬೆಂಕಿ ಬೇಗ ಓಡುವುದು ಒಣಹುಲ್ಲು, ತರಗೆಲೆ, ಸಣ್ಣ ಕಡ್ಡಿಗಳಲ್ಲಿ. ಗುತ್ತಿಗೆದಾರ ಒಯ್ಯುವುದು ದಿಮ್ಮಿಯನ್ನು, ಬಿಟ್ಟುಹೋಗುವುದು ಕಡ್ಡಿಕಸವನ್ನು! ಬೆಂಕಿಯ ಭಯವೇ ನಿಜವಾದರೆ ಅವರು ಮೊದಲು ಒಯ್ಯಬೇಕಾದದ್ದು ಯಾವುದು?

ರಸ್ತೆಯ ಮೇಲೆ, ವಿದ್ಯುತ್ ತಂತಿಯ ಮೇಲೆ ಬಿದ್ದ ಮರವನ್ನು ಕಡಿದು ಸರಿಸಲಿ; ತೋಟದ ಮರ ತೋಟಗಾರನದು. ಆ ಆಜ್ಞೆ ಹುಲ್ಲನ್ನೂ ಸೇರಿಸಿಕೊಂಡದ್ದರಿಂದ ಕಾಡಿನೊಳಗೇ ಬಾಳುವವರಿಗೆ ಕಷ್ಟವಾಯಿತು, ಅದು ಸರಿಯಲ್ಲ. 2006ರ ಅರಣ್ಯ ಹಕ್ಕು ಕಾಯಿದೆ ಅವರ ಕಿರು ಉತ್ಪನ್ನಗಳ ಹಕ್ಕನ್ನು ಮಾನ್ಯ ಮಾಡಿದ್ದು ಯೋಗ್ಯವೇ. ನನ್ನ ತಕರಾರು ಅವರೊಡನೆ ಅಲ್ಲ, ಹರಾಜಿನ ಗುತ್ತಿಗೆದಾರನೊಡನೆ. ಗೆದ್ದಲಿನ ಹೆಸರು ಹೇಳಿಕೊಂಡು ಅವನು ಕೇಳುತ್ತಿರುವುದು ದಿಮ್ಮಿಯನ್ನು ಮಾತ್ರವಲ್ಲ, ಅದನ್ನು ಸಾಗಿಸಲು ಅಭಯಾರಣ್ಯದೊಳಕ್ಕೆ ಒಂದು ಹೊಸ ಲಾರಿದಾರಿಯನ್ನು ಕೂಡ.