ಸೊಂಟದೊಳಗಿನ ಕೀಲಿಗೂ ಒಂದು ಹೆಸರಿದೆ

ಕಳೆದ ಬೇಸಿಗೆಯಲ್ಲಿ ಅತ್ತೆಯವರು ಕಾರ್ಲ್ಸ್‌ಬಾಡ್‌ನ ನಮ್ಮ ಮನೆಗೆ ಬಂದಿದ್ದರು. ಹಲವು ವರ್ಷಗಳ ಹಿಂದೆ ಊರಿನಲ್ಲಿ ಅವರ ಸೊಂಟದ ಕೀಲನ್ನು ಬದಲಿಸಲಾಗಿತ್ತು. ಇಲ್ಲಿ ತೊಡೆಸಂದಿಯಲ್ಲಿ ನೋವು ಕಾಣಿಸಿಕೊಂಡಾಗ ವೈದ್ಯರು ಕೇಳಿದ ಮೊದಲ ಪ್ರಶ್ನೆ, ಒಳಗಿರುವುದು ಯಾವ ಕಂಪನಿಯ ಯಾವ ಮಾದರಿಯ ಕೀಲು ಎಂಬುದು. ನಮ್ಮಲ್ಲಿ ಉತ್ತರವಿರಲಿಲ್ಲ. ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯಲ್ಲಿ 'ಇಂಪ್ಲಾಂಟ್' ಎಂದಷ್ಟೇ ಬರೆದಿತ್ತು.

ಅದು ವಾಡಿಕೆಯ ಪ್ರಶ್ನೆಯಾಗಿರಲಿಲ್ಲ. ಕೃತಕ ಕೀಲಿನ ಚೆಂಡು ಬಟ್ಟಲಿನೊಳಗೆ ಉಜ್ಜಿ ಉಜ್ಜಿ ಸವೆಯುತ್ತದೆ. ಚೆಂಡು ಕಂಬಕ್ಕೆ ಕೂಡುವ ಸಂದಿನಲ್ಲಿ ಲೋಹ ತುಕ್ಕು ಹಿಡಿದಂತೆ ಕ್ಷಯಿಸುತ್ತದೆ. ಚೆಂಡು, ಬಟ್ಟಲು ಎರಡೂ ಲೋಹದ್ದಾದರೆ ಕೋಬಾಲ್ಟ್, ಕ್ರೋಮಿಯಂ ಕಣಗಳು ಸುತ್ತಲಿನ ಮಾಂಸವನ್ನು ಕೆಡಿಸಿ ರಕ್ತಕ್ಕೂ ಸೇರಬಹುದು.

ಜಾನ್ಸನ್ ಅಂಡ್ ಜಾನ್ಸನ್‌ನ ಅಂಗಸಂಸ್ಥೆ ಡಿಪ್ಯೂ ತಯಾರಿಸಿದ ಎಎಸ್‌ಆರ್ ಕೀಲಿನಲ್ಲಿ ಆದದ್ದೂ ಇದೇ. ಅದು ಬೇಗನೆ ವಿಫಲವಾಗುತ್ತಿರುವುದನ್ನು ಆಸ್ಟ್ರೇಲಿಯಾದ ರಾಷ್ಟ್ರೀಯ ಕೀಲು ದಾಖಲಾತಿ ಮೊದಲೇ ಗುರುತಿಸಿತ್ತು. 2010ರ ಆಗಸ್ಟ್‌ನಲ್ಲಿ ಕಂಪನಿ ಅದನ್ನು ಜಗತ್ತಿನಾದ್ಯಂತ ಹಿಂಪಡೆಯುವ ವೇಳೆಗೆ ಸುಮಾರು 93,000 ಕೀಲುಗಳು ರೋಗಿಗಳ ದೇಹ ಸೇರಿದ್ದವು. ಭಾರತದಲ್ಲಿ ಸುಮಾರು 4,700.

2013ರ ಮಾರ್ಚ್‌ನಲ್ಲಿ, ನಮ್ಮಿಂದ ಎರಡು ಗಂಟೆಯ ದಾರಿಯ ಲಾಸ್ ಏಂಜಲೀಸ್‌ನ ನ್ಯಾಯಾಲಯದಲ್ಲಿ ಜ್ಯೂರಿಯು ಒಬ್ಬ ರೋಗಿಗೆ 83 ಲಕ್ಷ ಡಾಲರ್ ಪರಿಹಾರ ವಿಧಿಸಿತು. ಅದೇ ವರ್ಷ ಸುಮಾರು 8,000 ಅಮೆರಿಕನ್ ರೋಗಿಗಳಿಗಾಗಿ 250 ಕೋಟಿ ಡಾಲರ್‌ಗಳ ರಾಜಿ ಘೋಷಣೆಯಾಯಿತು. ಭಾರತ ಸರ್ಕಾರವು 30 ಲಕ್ಷದಿಂದ 1.23 ಕೋಟಿ ರೂಪಾಯಿವರೆಗಿನ ಪರಿಹಾರ ಸೂತ್ರವನ್ನು ಒಪ್ಪಿದ್ದು 2018ರ ಕೊನೆಯಲ್ಲಿ. ಆ ವೇಳೆಗೆ ಸಾವಿರಾರು ರೋಗಿಗಳ ಗುರುತೇ ಸಿಗದಾಗಿತ್ತು.

ಕೀಲು ಒಂದೇ ಆದರೂ ನ್ಯಾಯ ಒಂದೇ ಆಗಲಿಲ್ಲ. ಕಾನೂನಿನ ಅಂತರವು ಒಂದು ಕಾರಣವಾದರೆ, ದಾಖಲೆಯ ಅಭಾವವು ಮತ್ತೊಂದು. ಯಾರ ದೇಹದಲ್ಲಿ ಯಾವ ಕೀಲಿದೆ ಎಂದು ತಿಳಿಯದಿದ್ದರೆ ಎಚ್ಚರಿಕೆಯನ್ನು ಯಾರಿಗೆ ತಲುಪಿಸುವುದು?

ಹಾಸನದಲ್ಲಿರುವ ಮೈದುನ ಆಸ್ಪತ್ರೆಗೆ ಮೂರು ಬಾರಿ ಅಲೆದು ಹಳೆಯ ಕಡತದಿಂದ ಸ್ಟಿಕರ್ ಹಾಳೆಯ ಪ್ರತಿಯನ್ನು ಕಳುಹಿಸಿದ. ಅತ್ತೆಯವರದು ಪ್ಲಾಸ್ಟಿಕ್ ಬಟ್ಟಲಿನ ಕೀಲು, ಎಎಸ್‌ಆರ್ ಅಲ್ಲ. ಅಂದು ಅವರು ನಿಶ್ಚಿಂತೆಯಿಂದ ಮಲಗಿದರು.

ಹಿರಿಯರನ್ನು ಇಲ್ಲಿಗೆ ಕರೆತರುವವರಲ್ಲಿ ನನ್ನ ವಿನಂತಿ ಇಷ್ಟೆ. ಪ್ರವಾಸಿ ವಿಮೆಯು ಸಾಮಾನ್ಯವಾಗಿ ಹಳೆಯ ಕಾಯಿಲೆಯ ವೆಚ್ಚ ಭರಿಸುವುದಿಲ್ಲ. ಗುರುತಿಲ್ಲದ ಕೀಲಿನ ತಪಾಸಣೆ ಇಲ್ಲಿ ಬಲು ದುಬಾರಿ. ಉಪ್ಪಿನಕಾಯಿ, ಚಟ್ನಿಪುಡಿ ಕಟ್ಟುವಾಗ ಕಂಪನಿ, ಮಾದರಿ, ಲಾಟ್ ಸಂಖ್ಯೆಗಳಿರುವ ಆ ಹಾಳೆಯನ್ನೂ ಪಾಸ್‌ಪೋರ್ಟಿನ ಜೊತೆಗಿಡಿ.