ನೋಡುವ ಮುನ್ನವೇ ಮಾರಿಹೋದ ಕಣ್ಣು



ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರವನ್ನು ನೀವೆಲ್ಲ ಬಲ್ಲಿರಿ. ಅಲ್ಲಿಯ ಗಂಗಾಮಾತೆಯ ಕೊಳದ ದಂಡೆಯಲ್ಲಿ ಭಕ್ತರು ಕುಳಿತು, ನೀರಿನಿಂದ ತೇಲಿಬರುವ ಪ್ರಸಾದಕ್ಕಾಗಿ ಕಾಯುವುದನ್ನು ಅನೇಕರು ಕಂಡಿದ್ದೀರಿ. ಕೆಲವರು ತಾವೇ ಹಾಗೆ ಕಾದಿದ್ದೀರಿ. ಬರುವುದು ಹೂವೋ, ಹಣ್ಣೋ, ಕಾಯಿಯೋ, ಕಾಯುವವನಿಗೆ ತಿಳಿಯದು. ತಿಳಿಯದೆಂಬ ಕಾರಣದಿಂದಲೇ ಅವನ ಕಣ್ಣು ನೀರನ್ನು ಬಿಟ್ಟು ಕದಲುವುದಿಲ್ಲ. ಒಂದು ಬಾಳೆಯ ಹಣ್ಣು ತೇಲಿ ಬಂದರೂ ಅವನು ಅದನ್ನು ಕಣ್ಣಿಗೊತ್ತಿಕೊಳ್ಳುತ್ತಾನೆ. ಆ ನಂಬುಗೆಯ ವಿಚಾರವನ್ನು ಚರ್ಚಿಸುವುದು ಇಲ್ಲಿ ನಮ್ಮ ಉದ್ದೇಶವಲ್ಲ. ಆ ಕಾಯುವಿಕೆಯ ರೀತಿಯನ್ನು ಮಾತ್ರ ಗಮನಿಸಬೇಕೆಂದು ನಮ್ಮ ಕೋರಿಕೆ.

ಈಚೆಗೆ ಆ ಕ್ಷೇತ್ರದಲ್ಲಿಯೇ ನಮ್ಮ ವಿದ್ಯಾರ್ಥಿನಿಲಯದ ಹಳೆಯ ವಿದ್ಯಾರ್ಥಿಯೊಬ್ಬನು ಎದುರಾದನು. ಬೆಂಗಳೂರಿನಲ್ಲಿ ಉದ್ಯೋಗಸ್ಥನಾದ ಸಜ್ಜನ ತರುಣ. ಮಾತು ಚಲನಚಿತ್ರಗಳ ಕಡೆಗೆ ಹೊರಳಿತು. 2025ರ ಅಕ್ಟೋಬರ್ 2ರಂದು ತೆರೆಕಂಡ 'ಕಾಂತಾರ: ಚಾಪ್ಟರ್ 1' ಚಿತ್ರವನ್ನು ಅವನು ಮೊದಲ ದಿನವೇ, ದುಬಾರಿ ಬೆಲೆ ತೆತ್ತು ನೋಡಿದ್ದನಂತೆ. "ಹೇಗಿತ್ತಪ್ಪಾ?" ಎಂದು ಕೇಳಿದೆವು. "ಬುದ್ಧಿ, ಮೊದಲ ವಾರವೇ ನೂರಾರು ಕೋಟಿ ಮಾಡಿತು" ಎಂದನು. "ಅದು ಅವರ ಲೆಕ್ಕವಾಯಿತು, ನಿನಗೆ ಹೇಗಿತ್ತು?" ಎಂದೆವು. ಸ್ವಲ್ಪ ತಡೆದು, "ನಿರೀಕ್ಷೆ ಮಾಡಿದಷ್ಟು ಇರಲಿಲ್ಲ ಬುದ್ಧಿ" ಎಂದನು. "ಏನನ್ನು ನಿರೀಕ್ಷಿಸಿದ್ದೆ?" ಎಂಬ ನಮ್ಮ ಮೂರನೆಯ ಪ್ರಶ್ನೆಗೆ ಅವನಲ್ಲಿ ಉತ್ತರವಿರಲಿಲ್ಲ. 2022ರ ಸೆಪ್ಟೆಂಬರ್ 30ರಂದು ಬಂದ ಮೊದಲ 'ಕಾಂತಾರ'ವನ್ನು ಇದೇ ತರುಣನು ಏನೂ ತಿಳಿಯದೆ, ಗೆಳೆಯನೊಬ್ಬನು ಕರೆದನೆಂದು ಹೋಗಿ ನೋಡಿದ್ದನು. ಅಂದು ರಾತ್ರಿ ತನಗೆ ನಿದ್ರೆ ಬರಲಿಲ್ಲವೆಂದು ಅವನೇ ಹೇಳಿದನು.

ಸದ್ಭಕ್ತರೆ, ಎರಡನೆಯ ಚಿತ್ರವು ಮೊದಲನೆಯದಕ್ಕಿಂತ ಕಳಪೆಯೆಂದು ನಾವು ಹೇಳುತ್ತಿಲ್ಲ. ಅದನ್ನು ನಿರ್ಣಯಿಸುವುದು ನಮ್ಮ ಕೆಲಸವೂ ಅಲ್ಲ. ನೋಡಿದವನು ಒಬ್ಬನೇ, ನೋಡಿದ ಕಣ್ಣು ಒಂದೇ ಆಗಿರಲಿಲ್ಲ ಎಂಬುದಷ್ಟೇ ನಮ್ಮ ಮಾತು. ಮೊದಲನೆಯ ಸಲ ಆ ಕಣ್ಣು ಅವನದಾಗಿತ್ತು. ಎರಡನೆಯ ಸಲ ಅದು ಮೊದಲೇ ಮಾರಿಹೋಗಿತ್ತು. ಕೊಂಡವರಾರು? ಯಾವುದನ್ನು ಇಂದಿನ ಹುಡುಗರು 'ಹೈಪ್' ಎನ್ನುವರೋ, ನಮ್ಮ ಹಳ್ಳಿಯವರು 'ಬಿಲ್ಡಪ್ಪು' ಎನ್ನುವರೋ, ಆ ಅಬ್ಬರದ ಪ್ರಚಾರವು ಅದನ್ನು ಕೊಂಡಿತ್ತು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಸಿನಿಮಾ ನೋಡುವುದೇ ಪಾಪವೆಂದು ಸಾರುವ ಹಿರಿಯರ ಗುಂಪಿಗೆ ನಾವು ಸೇರಿದವರಲ್ಲ. ಶರಣಧರ್ಮವು ಇಂದ್ರಿಯಗಳನ್ನು ಕೊಲ್ಲಲು ಹೇಳಿಲ್ಲ. ರೂಪ, ರಸ, ಗಂಧ, ಶಬ್ದ, ಸ್ಪರ್ಶಗಳೆಲ್ಲವನ್ನೂ ಲಿಂಗಕ್ಕೆ ಅರ್ಪಿಸಿ ಪ್ರಸಾದವಾಗಿ ಸ್ವೀಕರಿಸೆಂದು ಅದು ಬೋಧಿಸುತ್ತದೆ. ಕಂಡ ಚೆಲುವು, ಕೇಳಿದ ಹಾಡು, ನಕ್ಕ ನಗೆ ಎಲ್ಲವೂ ಪ್ರಸಾದವಾಗಬಲ್ಲವು. ಆದರೆ ಅರ್ಪಣಕ್ಕೆ ಒಂದು ನಿಯಮವುಂಟು: ಅವಧಾನವಿರಬೇಕು, ಪದಾರ್ಥವು ಎಂಜಲಾಗಿರಬಾರದು. ಆರು ತಿಂಗಳ ಮೊದಲಿನಿಂದ ತುಣುಕು ತುಣುಕಾಗಿ ತೋರಿಸಿ, ಹಾಡನ್ನು ಸವೆಸಿ, ಎಲ್ಲಿ ಅಳಬೇಕು, ಎಲ್ಲಿ ಶಿಳ್ಳೆ ಹಾಕಬೇಕು ಎಂಬುದನ್ನೂ ಕಲಿಸಿಕೊಟ್ಟ ಮೇಲೆ ನಮ್ಮ ಪಾಲಿಗೆ ಬರುವುದು ಬೇರೆಯವರು ಅಗಿದು ಉಳಿಸಿದ ತುತ್ತಲ್ಲದೆ ಮತ್ತೇನು?

"ಪ್ರಚಾರವು ಹೊಸದೇ ಸ್ವಾಮಿ? ಹಿಂದೆಯೂ ಇರಲಿಲ್ಲವೇ?" ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಗುಬ್ಬಿ ವೀರಣ್ಣನವರ ಕಂಪನಿಯು 'ಕುರುಕ್ಷೇತ್ರ' ನಾಟಕದಲ್ಲಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತು. ಆ ಸುದ್ದಿಯೇ ಜನರನ್ನು ಸೆಳೆಯಿತು. ಟೆಂಟು ಸಿನಿಮಾದ ಕಾಲದಲ್ಲಿ ಗಾಡಿಗೆ ಚಿತ್ರಪಟ ಕಟ್ಟಿ, ವಾದ್ಯ ಬಾರಿಸುತ್ತ, ಕರಪತ್ರ ತೂರುತ್ತ ಬರುತ್ತಿದ್ದರು. ಬಾಲ್ಯದಲ್ಲಿ ಆ ಬಣ್ಣದ ಕಾಗದಕ್ಕಾಗಿ ಗಾಡಿಯ ಹಿಂದೆ ಓಡಿದವರಲ್ಲಿ ನಾವೂ ಒಬ್ಬರು. ಆದರೆ ಅದು ಕರೆಯೋಲೆಯಾಗಿತ್ತು. "ಇಂಥ ಆಟವಿದೆ, ಬನ್ನಿ" ಎನ್ನುವುದಷ್ಟೇ ಅದರ ಕೆಲಸ. ನಾಟಕ ಕಂಪನಿಯು ಒಂದೇ ಊರಿನಲ್ಲಿ ತಿಂಗಳುಗಟ್ಟಲೆ ಬಿಡಾರ ಹೂಡುತ್ತಿತ್ತು. ಇಂದಿನ ಆಟ ಸಪ್ಪೆಯಾದರೆ ನಾಳೆಯ ಕುರ್ಚಿಗಳು ಖಾಲಿ. ಆಡಿದ ಮಾತಿಗೆ ಮಾರನೆಯ ರಾತ್ರಿಯೇ ಉತ್ತರ ಕೊಡಬೇಕಾಗಿದ್ದುದರಿಂದ ಡಂಗುರ ಹೊಡೆಯುವವನ ನಾಲಿಗೆಗೆ ಕಡಿವಾಣವಿತ್ತು.

1972ನೆಯ ಇಸವಿಯನ್ನು ನೆನೆಯಿರಿ. ಆ ವರ್ಷ ಬಂದ 'ಬಂಗಾರದ ಮನುಷ್ಯ'ವು ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ನಡೆಯಿತು. ಆ ವರ್ಷದ ಕೊನೆಗೆ ನಮ್ಮ ಚಿತ್ರದುರ್ಗದ ಕೋಟೆಯನ್ನೇ ರಂಗಭೂಮಿಯಾಗಿಸಿಕೊಂಡ 'ನಾಗರಹಾವು' ಬಂದಿತು. ಕಥೆ ನಮ್ಮ ಜಿಲ್ಲೆಯ ತಳುಕಿನ ತ.ರಾ.ಸು. ಅವರದು, ನಿರ್ದೇಶನ ಪುಟ್ಟಣ್ಣ ಕಣಗಾಲರದು. ಅದರ ನಾಯಕ ವಿಷ್ಣುವರ್ಧನರ ಹೆಸರು ಅಂದು ಪ್ರಸಿದ್ಧವಾಗಿರಲಿಲ್ಲ; ಅಂಬರೀಷ್ ಅವರಿಗೂ ಅದೇ ಮೊದಲ ಚಿತ್ರ. ನೋಡಿ ಬಂದವನು ನೆರೆಯವನಿಗೆ ಹೇಳಿದನು, ನೆರೆಯವನು ನಂಟನಿಗೆ ಹೇಳಿದನು. ಹೊಸ ಹುಡುಗನೊಬ್ಬನನ್ನು ತಾವೇ ಕಂಡುಹಿಡಿದ ಸಂತೋಷವು ಜನರದಾಗಿತ್ತು. ಇಂದು ಆ ಸಂತೋಷವನ್ನು ಜನರಿಗೆ ಯಾರೂ ಬಿಟ್ಟುಕೊಡುವುದಿಲ್ಲ.

ಏಕೆ? ಕಾರಣವು ಲೆಕ್ಕದ ಪುಸ್ತಕದಲ್ಲಿದೆ. 1975ರ ಜೂನ್‌ನಲ್ಲಿ ಅಮೆರಿಕೆಯ 'ಜಾಸ್' ಎಂಬ ಚಿತ್ರವನ್ನು ದೂರದರ್ಶನ ಜಾಹೀರಾತುಗಳ ಮಳೆ ಸುರಿಸಿ, ಒಂದೇ ದಿನ 400ಕ್ಕೂ ಮಿಗಿಲಾದ ಚಿತ್ರಮಂದಿರಗಳಲ್ಲಿ ಬಿಡುಗಡೆ ಮಾಡಿದರು. ಅದರ ಅಪಾರ ಗಳಿಕೆಯು ಲೋಕದ ವ್ಯಾಪಾರಿಗಳಿಗೆಲ್ಲ ಪಾಠವಾಯಿತು. ಪಾಠವೇನೆಂದರೆ: ಎಲ್ಲ ಕಡೆಯೂ ಒಮ್ಮೆಗೇ ತೆರೆದರೆ, ಚಿತ್ರ ಹೇಗಿದೆಯೆಂಬ ಮಾತು ಬಾಯಿಂದ ಬಾಯಿಗೆ ಹರಡುವುದರೊಳಗೆ ಹಣ ಪೆಟ್ಟಿಗೆ ಸೇರಿರುತ್ತದೆ. ಮೊದಲ ಮೂರು ದಿನಗಳಲ್ಲಿ ಬರುವವನು ಚಿತ್ರವನ್ನು ತಿಳಿದು ಬರುವವನಲ್ಲ, ಪ್ರಚಾರವನ್ನು ನಂಬಿ ಬರುವವನು. ಆದುದರಿಂದ ಈಗಿನ ವ್ಯಾಪಾರಕ್ಕೆ ಬೇಕಾದುದು ನಿಮ್ಮ ಸಂತೋಷವಲ್ಲ, ನಿಮ್ಮ ಕಾತರ. ಕನ್ನಡದ 'ಕೆ.ಜಿ.ಎಫ್. ಚಾಪ್ಟರ್ 2' ಚಿತ್ರದ ಟೀಸರು ಹೊರಬಂದುದು 2021ರ ಜನವರಿಯಲ್ಲಿ. ಚಿತ್ರ ಬಂದುದು 2022ರ ಏಪ್ರಿಲ್ 14ರಂದು. ನಡುವೆ ಸಾಂಕ್ರಾಮಿಕದ ತಡೆಯೂ ಇತ್ತು, ನಿಜ. ಆದರೆ 15 ತಿಂಗಳು ಆ ಕಾತರವು ಆರದೆ ಉರಿಯಿತು. ಅದು 1,000 ಕೋಟಿಯನ್ನು ದಾಟಿದಾಗ ಕನ್ನಡಿಗರು ಹೆಮ್ಮೆಪಟ್ಟರು, ನಾವೂ ಪಟ್ಟೆವು. ಆದರೆ ಅಂದಿನಿಂದ ಚಿತ್ರ ಚೆನ್ನಾಗಿದೆಯೇ ಎಂಬ ಪ್ರಶ್ನೆಯ ಜಾಗದಲ್ಲಿ ಎಷ್ಟು ಕೋಟಿ ಎಂಬ ಪ್ರಶ್ನೆ ಬಂದು ಕುಳಿತಿತು. ಬಿಡಿಗಾಸು ಲಾಭವಿಲ್ಲದವನು ಬೇರೊಬ್ಬರ ಗಲ್ಲಾಪೆಟ್ಟಿಗೆಯ ಲೆಕ್ಕವನ್ನು ಹಗಲಿರುಳು ಜಪಿಸುವುದು ಎಂಥ ವಿಚಿತ್ರ ಜಪ!

ಈ ರೋಗವನ್ನು ನಮ್ಮ ಆಲಂಕಾರಿಕರು ಸಾವಿರ ವರ್ಷಗಳ ಹಿಂದೆಯೇ ಗುರುತಿಸಿದ್ದರು. ಭರತನ ನಾಟ್ಯಶಾಸ್ತ್ರಕ್ಕೆ ವ್ಯಾಖ್ಯಾನ ಬರೆದ ಅಭಿನವಗುಪ್ತನು ರಸಾಸ್ವಾದಕ್ಕೆ ಏಳು ವಿಘ್ನಗಳನ್ನು ಹೇಳುತ್ತಾನೆ. ಅವುಗಳಲ್ಲೊಂದು, ನೋಡುಗನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿ ಕುಳಿತಿರುವುದು. ತನ್ನ ನಾಯಕ ಗೆಲ್ಲಬೇಕು, ಎದುರು ಗುಂಪಿನ ನಾಯಕ ಸೋಲಬೇಕು, ಕೊಟ್ಟ ಹಣ ದಕ್ಕಬೇಕು ಎಂದು ಕುಳಿತವನು ರಂಗವನ್ನು ನೋಡುವುದಿಲ್ಲ, ತನ್ನನ್ನೇ ನೋಡಿಕೊಳ್ಳುತ್ತಾನೆ. ಇನ್ನೊಂದು ವಿಘ್ನ ಅಪ್ರಧಾನತೆ, ಎಂದರೆ ಮುಖ್ಯವಾದುದು ಹಿಂದೆ ಸರಿದು ಅಮುಖ್ಯವಾದುದು ಮುಂದೆ ನಿಲ್ಲುವುದು. ಕಥೆ ಹಿಂದಾಗಿ ಕಟೌಟು ಮುಂದಾಗುವುದಕ್ಕೆ ಇದಕ್ಕಿಂತ ತಕ್ಕ ಹೆಸರುಂಟೇ? ಅಬ್ಬರದ ಪ್ರಚಾರವು ಎರಡು ಬಗೆಯಲ್ಲಿ ಕೊಲ್ಲುತ್ತದೆ. ಟೊಳ್ಳು ಚಿತ್ರವನ್ನು ಮೂರು ದಿನ ಮೆರೆಸುತ್ತದೆ, ಸಾಮಾನ್ಯವಾದರೂ ಸೊಗಸಾದ ಚಿತ್ರವನ್ನು "ಇಷ್ಟೇನೇ?" ಎಂಬ ಒಂದು ಉದ್ಗಾರದಿಂದ ಹೂಳುತ್ತದೆ. ಬೆಟ್ಟ ತೋರಿಸುವೆನೆಂದು ಕರೆದೊಯ್ದರೆ ಹೂದೋಟವೂ ಬಯಲಾಗಿ ಕಾಣುವುದು ಸಹಜ.

ಈ ಕಾತರವು ಈಗ ಧರ್ಮದ ವೇಷವನ್ನೂ ತೊಡತೊಡಗಿದೆ. 2025ರ ಸೆಪ್ಟೆಂಬರಿನಲ್ಲಿ, 'ಕಾಂತಾರ: ಚಾಪ್ಟರ್ 1' ನೋಡುವವರೆಗೆ ಮದ್ಯ, ಧೂಮಪಾನ, ಮಾಂಸಗಳನ್ನು ವರ್ಜಿಸಬೇಕೆಂಬ ಸಂಕಲ್ಪದ ಪತ್ರವೊಂದು ಎಲ್ಲೆಡೆ ಹರಿದಾಡಿತು. ಅದಕ್ಕೂ ತಮಗೂ ಸಂಬಂಧವಿಲ್ಲವೆಂದು ರಿಷಬ್ ಶೆಟ್ಟಿಯವರೇ ಹೇಳಬೇಕಾಯಿತು. ಚಿತ್ರ ಬಂದ ಮೇಲೆ ಕೆಲವರು ಚಿತ್ರಮಂದಿರದಲ್ಲಿಯೇ ದೈವದ ಆವೇಶವನ್ನು ಅನುಕರಿಸತೊಡಗಿದಾಗ, ಹಾಗೆ ಮಾಡಬೇಡಿರೆಂದು ನಿರ್ಮಾಣ ಸಂಸ್ಥೆಯೇ ಬಹಿರಂಗವಾಗಿ ಬೇಡಿಕೊಂಡಿತು. ವ್ಯಸನ ಬಿಡುವುದು ಒಳ್ಳೆಯದೇ. ಆದರೆ ಟಿಕೆಟ್ಟಿನ ಅವಧಿಗೆ ಹಿಡಿಯುವ ವ್ರತವು ವ್ರತವಲ್ಲ. ಆವೇಶದ ಅಣಕವು ಭಕ್ತಿಯೂ ಅಲ್ಲ, ಆನಂದವೂ ಅಲ್ಲ.

ಇನ್ನು ಜೀವದ ಮಾತು. 2024ರ ಜನವರಿ 8ರ ನಡುರಾತ್ರಿ, ಗದಗ ಜಿಲ್ಲೆಯ ಸೂರಣಗಿ ಗ್ರಾಮದಲ್ಲಿ, ನಟ ಯಶ್ ಅವರ ಹುಟ್ಟುಹಬ್ಬಕ್ಕೆಂದು ಕಟೌಟು ನಿಲ್ಲಿಸುತ್ತಿದ್ದ ಮೂವರು ತರುಣರು ವಿದ್ಯುತ್ ತಗುಲಿ ಸತ್ತರು. ಆ ಮನೆಗಳಿಗೆ ಬಂದ ನಟನು, ಅಭಿಮಾನವನ್ನು ಹೀಗೆ ತೋರಿಸಬೇಡಿರೆಂದು ಕೈಮುಗಿಯುವಂತಾಯಿತು. 2025ರ ಜೂನ್ 3ರಂದು ಬೆಂಗಳೂರಿನ ಕ್ರಿಕೆಟ್ ತಂಡವು 18 ವರ್ಷ ಕಾದ ಕಪ್ಪನ್ನು ಗೆದ್ದಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ ಕಾಲ್ತುಳಿತಕ್ಕೆ ಸಿಕ್ಕಿ 11 ಜನ ಪ್ರಾಣ ಕಳೆದುಕೊಂಡರು. ಯೋಚಿಸಿ ನೋಡಿರಿ: ಅಂದು ಅಲ್ಲಿ ಆಟವೇ ಇರಲಿಲ್ಲ. ಆಟ ಹಿಂದಿನ ರಾತ್ರಿಯೇ, ಅಹಮದಾಬಾದಿನಲ್ಲಿ ಮುಗಿದಿತ್ತು. ಉಳಿದಿದ್ದುದು ಅಬ್ಬರವೊಂದೇ. ನೋಡುವುದಕ್ಕೆ ಏನೂ ಉಳಿಯದ ಕಡೆಗೂ ಜನರನ್ನು ಲಕ್ಷಗಟ್ಟಲೆ ಎಳೆಯಬಲ್ಲ ಶಕ್ತಿಯನ್ನು ಮನರಂಜನೆಯೆಂದು ಕರೆಯಲು ನಮ್ಮ ನಾಲಿಗೆ ಏಳದು.

ಬೇರೆಯವರತ್ತ ಬೆರಳು ತೋರಿದ ಮೇಲೆ ನಮ್ಮತ್ತಲೂ ತಿರುಗಿಸಬೇಕು. ನಮ್ಮ ಮಠಗಳೇನು ಕಡಿಮೆಯೇ? ಜಾತ್ರೆ ಬಂದರೆ ಊರ ಬಾಗಿಲಿನಿಂದ ಮಠದ ಬಾಗಿಲವರೆಗೆ ಫ್ಲೆಕ್ಸುಗಳು. ಫ್ಲೆಕ್ಸಿನ ತುಂಬ ಸ್ವಾಮಿಗಳಾದ ನಮ್ಮ ಮುಖಗಳು. ಮುಖದ ಸುತ್ತ ಪ್ರಭಾವಳಿ, ಕೆಳಗೆ ದಾನಿಗಳ ಸಾಲು. ಐತಿಹಾಸಿಕ, ಅಭೂತಪೂರ್ವ ಎಂಬ ಬಿರುದುಗಳಿಲ್ಲದೆ ಒಂದು ಸಮಾರಂಭವೂ ನಡೆಯದು. ಅಷ್ಟೆಲ್ಲ ಕೂಗಿ ಕರೆದು ಕೊನೆಗೆ ನಾವು ಕೊಡುವುದು ಸನ್ಮಾನದ ಶಾಲುಗಳು ಮತ್ತು ಬೇಸರದ ಭಾಷಣಗಳು. ಸಂಜೆ ಆರಕ್ಕೆ ಬಂದ ರೈತನು ರಾತ್ರಿ ಹತ್ತಕ್ಕೆ ಒಂದು ಹಿತನುಡಿಯನ್ನೂ ಕಟ್ಟಿಕೊಳ್ಳದೆ ಮರಳುತ್ತಾನೆ. ನಮ್ಮ ಕಟೌಟನ್ನು ಇಳಿಸದೆ ನಟರ ಕಟೌಟಿಗೆ ಕಲ್ಲೆಸೆಯುವ ಅಧಿಕಾರ ನಮಗಿಲ್ಲ.

ಹಾಗಾದರೆ ದಾರಿಯೇನು? ದೂರ ಹೋಗಬೇಕಾಗಿಲ್ಲ. ನಮ್ಮ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ 1997ರಲ್ಲಿ ಹೊರಟ ಶಿವಸಂಚಾರದ ಕಲಾವಿದರು ಹೊಸ ನಾಟಕಗಳನ್ನು ಹೊತ್ತು ನಾಡಿನ ಊರೂರುಗಳಿಗೆ ಹೋಗುತ್ತ ಬಂದಿದ್ದಾರೆ. ಒಂದು ಊರಿನ ಬಯಲಿನಲ್ಲಿ ಸಂಜೆ ದೀಪ ಹತ್ತುತ್ತದೆ, ಜನ ನೆಲದ ಮೇಲೆ ಕೂರುತ್ತಾರೆ. ಇಂದು ಏನಾಗುವುದೋ ಎಂದು ನೋಡುತ್ತಾರೆ. ಹಿಡಿಸಿದರೆ ಮರುದಿನ ಹೊಲದಲ್ಲಿಯೂ ಅದೇ ಮಾತು. ಹಿಡಿಸದಿದ್ದರೆ ನಡುವೆ ಎದ್ದು ಹೋಗುವ ಸ್ವಾತಂತ್ರ್ಯವೂ ಇದೆ. ನೋಡುಗನೆಂದರೆ ಅವನು. ಪಟ್ಟಣದ ಚಿತ್ರಮಂದಿರದಲ್ಲಿಯೂ ಹಾಗೆಯೇ ಕುಳಿತುಕೊಳ್ಳಲು ನಮ್ಮನ್ನು ತಡೆದವರಿಲ್ಲ.

ಆದುದರಿಂದ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ, ವಿಶೇಷವಾಗಿ ತರುಣರಿಗೆ, ನಾಲ್ಕು ಮಾತು. ಹೊಸ ಚಿತ್ರ ಬಂದಾಗ ಒಂದು ವಾರ ತಾಳಿರಿ. ಒಳ್ಳೆಯದಾದರೆ ಅದೆಲ್ಲಿಗೂ ಓಡಿಹೋಗುವುದಿಲ್ಲ. ಜಾಹೀರಾತನ್ನು ಕೇಳುವ ಬದಲು ನೋಡಿ ಬಂದ ನಂಬಿಗಸ್ಥನೊಬ್ಬನನ್ನು ಕೇಳಿರಿ. ಕೋಟಿಗಳ ಲೆಕ್ಕವನ್ನು ಕೋಟಿ ಹಾಕಿದವರಿಗೆ ಬಿಡಿರಿ. ನೋಡಿದ ಮೇಲೆ "ಹೇಗಿತ್ತು?" ಎಂದು ಕೇಳಿದರೆ ಲೋಕದ ಮಾತನ್ನು ಒಪ್ಪಿಸದೆ ನಿಮ್ಮ ಮನಸ್ಸಿನ ಮಾತನ್ನೇ ಹೇಳಿರಿ, ಅದು ಒಂದೇ ವಾಕ್ಯವಾದರೂ ಸರಿ. ಮಠದ ಪರವಾಗಿ ನಾವೂ ಒಂದು ಮಾತು ಕೊಡುತ್ತೇವೆ: ನಮ್ಮ ಮುಂದಿನ ಜಾತ್ರೆಗೆ ಸ್ವಾಮಿಗಳ ಮುಖವಿರುವ ಒಂದು ಫ್ಲೆಕ್ಸೂ ಏಳುವುದಿಲ್ಲ. ಎದ್ದರೆ ಈ ಲೇಖನವನ್ನು ನಮ್ಮ ಮುಂದೆಯೇ ಹಿಡಿದು ಪ್ರಶ್ನಿಸಿರಿ.

ಅಂದು ಬೀಳ್ಕೊಳ್ಳುವ ಮೊದಲು ಆ ತರುಣನೂ ಕೊಳದ ದಂಡೆಯಲ್ಲಿ ಒಂದಷ್ಟು ಹೊತ್ತು ಕುಳಿತನು. ಕೈಯಲ್ಲಿದ್ದ ಮೊಬೈಲನ್ನು ತಾನಾಗಿಯೇ ಜೇಬಿಗಿಟ್ಟನು. ಅವನಿಗೆ ಏನು ಬಂದಿತೆಂದು ನಾವು ಕೇಳಲಿಲ್ಲ. ಅವನು ನೀರನ್ನು ನೋಡುತ್ತಿದ್ದನು, ನಮಗೆ ಅಷ್ಟು ಸಾಕಾಗಿತ್ತು.