ಮನೆಗೊಂದು ಪಿಲ್ಲರ್ ಡ್ರಿಲ್ ತರೋ ಮುಂಚೆ

ಹೋದ ದಸರಾ ರಜೆಗೆ ಪಾಂಡವಪುರದ ಹತ್ತಿರದ ನಮ್ಮೂರಿಗೆ ಹೋಗಿದ್ದಾಗ ಗೇಟಿನ ಕೀಲು ಸರಿ ಮಾಡೋಣ ಅಂತ ಕೂತೆ. ಕಬ್ಬಿಣದ ಪಟ್ಟಿಯನ್ನು ಅಪ್ಪ ಹಿಡಿದುಕೊಂಡಿದ್ದರು, ನಾನು ಕೈಡ್ರಿಲ್ ಹಾಕಿದೆ. ತೂತು ಇನ್ನೇನು ಆಚೆ ಬದಿಗೆ ಬೀಳಬೇಕು, ಬಿಟ್ ಕಚ್ಚಿಕೊಂಡಿತು. ಪಟ್ಟಿ ಗಿರ್ರನೆ ತಿರುಗಿ ಅಪ್ಪನ ಹೆಬ್ಬೆರಳಿಗೆ ಹೊಡೀತು. 6 ಹೊಲಿಗೆ. "ಅಯ್ಯೋ ಬುಡ್ಲಾ, ಏನಾಗಕಿಲ್ಲ" ಅಂದರು ಅಪ್ಪ. ಅಮ್ಮ ಮಾತ್ರ ಎರಡು ದಿನ ನನ್ನ ಹತ್ರ ಮಾತಾಡಲಿಲ್ಲ.

ಬೆಂಚಿನ ಮೇಲೆ ಕೂರಿಸೋ ಪಿಲ್ಲರ್ ಡ್ರಿಲ್ ತರಲೇಬೇಕು ಅಂತ ಆವತ್ತೇ ತೀರ್ಮಾನ ಮಾಡಿದೆ. ಬಜೆಟ್ 15 ಸಾವಿರ. ಮೊಬೈಲಲ್ಲಿ ನೋಡಿದರೆ ಎಲ್ಲವೂ 13 ಎಂಎಂ, ಎಲ್ಲವೂ ಪವರ್‌ಫುಲ್. ಸಾಫ್ಟ್‌ವೇರ್‌ನವನಲ್ವಾ, ಎಕ್ಸೆಲ್ ಶೀಟ್ ಮಾಡಿದೆ. ಮಾಡಿದ್ದಷ್ಟೇ ಬಂತು.

ಕೆ.ಆರ್. ಪೇಟೆಯ ಗ್ಯಾರೇಜೊಂದರಲ್ಲಿ ಹಳೇ ಮಷೀನ್ ಇದೆ ಅಂತ ಗೊತ್ತಾಗಿ ಅಪ್ಪನ ಜೊತೆ ಹೋದೆ. ಎರಕದ ಕಬ್ಬಿಣದ್ದು, ಮೂರು ಜನ ಎತ್ತಬೇಕು. ಬರೀ 9 ಸಾವಿರ! ಅಡ್ವಾನ್ಸ್ ಹಾಕೋಕೆ ನಾನು ಫೋನ್ ತೆಗೆದಾಗ ಅಪ್ಪ ಬಗ್ಗಿ ಮೋಟರಿನ ಮೇಲಿದ್ದ ತಗಡು ಓದುತ್ತಿದ್ದರು. "ಇದು ತ್ರೀ ಫೇಸ್ ಕಣ್ಲಾ." ನಮ್ಮ ಕಡೆ ತ್ರೀ ಫೇಸ್ ಅಂದ್ರೆ ಪಂಪ್‌ಸೆಟ್ಟು, ಅದೂ ಕರೆಂಟು ಕೊಟ್ಟ ಕೆಲವು ಗಂಟೆ. ಮನೆಗೆ ಬರೋದು 230 ವೋಲ್ಟಿನ ಸಿಂಗಲ್ ಫೇಸ್. ಮೋಟರ್ ಬದಲಾಯಿಸಿದರೆ ಓಡುತ್ತೆ, ಆದ್ರೆ ಆ ಖರ್ಚು ಸೇರಿಸಿದರೆ ಅಗ್ಗ ಎಲ್ಲಿ ಬಂತು? ಇಂಜಿನಿಯರಿಂಗ್ ಓದಿದವನು ನಾನು, ತಗಡು ಓದಿದವರು ಅಪ್ಪ.

ಆಮೇಲೆ ಹೋಗಿದ್ದು ನಾಗಮಂಗಲಕ್ಕೆ. ಕಂಚಿನ ವಿಗ್ರಹದ ಎರಕಕ್ಕೆ ಹೆಸರಾದ ಊರು. ಅಲ್ಲಿ ನನ್ನ ಗೆಳೆಯನ ತಂದೆ ಹಿತ್ತಾಳೆ ಕೆಲಸದ ಆಚಾರ್ರು. "ಎಷ್ಟು ಜೋರಾಗಿ ತಿರುಗ್ತದೆ ಅಂತ ಕೇಳಬ್ಯಾಡ ಮಗ, ಎಷ್ಟು ನಿಧಾನಕ್ಕೆ ತಿರುಗ್ತದೆ ಅಂತ ಕೇಳು" ಅಂದರು. ಮನೆಗೆ ಬಂದು ಲೆಕ್ಕ ಹಾಕಿದೆ. ಮಾಮೂಲಿ ಕಬ್ಬಿಣಕ್ಕೆ ಹೈಸ್ಪೀಡ್ ಸ್ಟೀಲ್ ಬಿಟ್ಟಿನ ಅಂಚು ನಿಮಿಷಕ್ಕೆ ಸುಮಾರು 25 ಮೀಟರ್ ಓಡಬೇಕು. 10 ಎಂಎಂ ಬಿಟ್ಟಿಗೆ ಅದು ನಿಮಿಷಕ್ಕೆ 800 ಸುತ್ತು, 5 ಎಂಎಂಗೆ 1,600. ಜಾಸ್ತಿ ಓಡಿಸಿದರೆ ಅಂಚು ಸುಟ್ಟು ನೀಲಿಯಾಗುತ್ತೆ. ಅದಕ್ಕೇ ಮೇಲ್ಗಡೆ ಬೆಲ್ಟು, ಮೆಟ್ಟಿಲಿನಂಥ ಪುಲ್ಲಿ. ಹಿತ್ತಾಳೆಯ ಗುಣವೇ ಬೇರೆಯಂತೆ, ಬಿಟ್ಟನ್ನು ಒಳಗೆ ಎಳೆದುಕೊಳ್ಳುತ್ತೆ. ಹಾಗಾಗಿ ಆಚಾರ್ರು ಬಿಟ್ಟಿನ ಚೂಪನ್ನು ಕಲ್ಲಿಗೆ ಉಜ್ಜಿ ಸ್ವಲ್ಪ ಮಟ್ಟ ಮಾಡಿಕೊಳ್ಳುತ್ತಾರೆ. ನಾನೋ ಇಷ್ಟು ದಿನ ಚೂಪಾದಷ್ಟೂ ಒಳ್ಳೇದು ಅಂದ್ಕೊಂಡಿದ್ದೆ.

ಅಂಗಡಿಯಲ್ಲಿ ಏನು ನೋಡಬೇಕು ಅನ್ನೋದನ್ನೂ ಅವರೇ ಹೇಳಿಕೊಟ್ಟರು. ಹಿಡಿ ಎಳೆದು ಚಕ್ಕನ್ನು ಪೂರ್ತಿ ಕೆಳಗಿಳಿಸಿ, ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಕಟಕಟ ಅಂದರೆ ವಾಪಸ್ ಬನ್ನಿ. ಚಕ್ಕಿನಿಂದ ಕಂಬಕ್ಕೆ ಎಷ್ಟು ಜಾಗ ಇದೆ ಅಂತಲೂ ಅಳೆಯಿರಿ. 10 ಸೆಂಟಿಮೀಟರ್ ಇದ್ದರೆ 20 ಸೆಂಟಿಮೀಟರ್ ಅಗಲದ ಹಲಗೆಯ ನಡುವಿಗೆ ತೂತು ಹಾಕಬಹುದು, ಅದಕ್ಕಿಂತ ಅಗಲವಾದರೆ ಆಗಲ್ಲ. ಇನ್ನು ಗ್ಲೌಸ್ ಹಾಕಿಕೊಂಡು ಮಾತ್ರ ಡ್ರಿಲ್ ಮುಟ್ಟಬೇಡಿ. ಬಟ್ಟೆ ಸಿಕ್ಕಿಕೊಂಡರೆ ಕೈಯೂ ಜೊತೆಗೆ ಹೋಗುತ್ತೆ.

ಕೊನೆಗೆ ಮೈಸೂರಲ್ಲಿ ಅರ್ಧ ಎಚ್‌ಪಿಯ ಸಿಂಗಲ್ ಫೇಸ್ ಮಷೀನ್ ಸಿಕ್ಕಿತು. ವೈಸ್ ಸೇರಿ 16,800. ಬಜೆಟ್ ಮೀರಿದ್ದು ವೈಸಿಂದಲೇ, ಆದ್ರೆ ಅದು ಬೇಡ ಅನ್ನೋಕೆ ಅಪ್ಪನ ಹೆಬ್ಬೆರಳು ಬಿಡಲಿಲ್ಲ. ಶ್ರೀರಂಗಪಟ್ಟಣದ ಹತ್ತಿರ ಪ್ರತಿ ಹಂಪಿಗೂ ಡಿಕ್ಕಿಯಿಂದ ಧಡಕ್ ಅನ್ನೋದು, ನನ್ನೆದೆಯೂ ಹಾಗೇ ಅನ್ನೋದು.

ಈ ಭಾನುವಾರ ಅದನ್ನು ಬೆಂಚಿಗೆ ಬೋಲ್ಟ್ ಹಾಕಿ ಕೂರಿಸಬೇಕು. ಆ 4 ತೂತುಗಳನ್ನು ಮಾತ್ರ ಹಳೇ ಕೈಡ್ರಿಲ್‌ನಲ್ಲೇ ಕೊರೀಬೇಕು. ಅಪ್ಪನಿಗೆ ದೂರ ನಿಂತ್ಕೋಳಿ ಅಂತ ಈಗಲೇ ಹೇಳಿದ್ದೀನಿ.